ಐದು ಇಂಚು ಎಂಟು ಸೆಂಟ್

ಕಳೆದ ಶನಿವಾರ ಕೊಪ್ಪಕ್ಕೆ ಹೋಗಿದ್ದೆ. ಕನ್ನಡಕದ ಕಾಲು ಮುರಿದಿತ್ತು. ಅಂಗಡಿಯವರು ಅರ್ಧ ಗಂಟೆ ಬಿಟ್ಟು ಬನ್ನಿ ಅಂದರು. ಕನ್ನಡಕದ ಕಾಲು ಅಲ್ಲಿ ರಿಪೇರಿಯಾಗುವಷ್ಟರಲ್ಲಿ ನನ್ನ ಕಾಲುಗಳು ತಾವಾಗಿಯೇ ಬಸ್‌ಸ್ಟ್ಯಾಂಡ್ ಹತ್ತಿರದ ಹಳೇ ಕಟ್ಟಡದ ಮೆಟ್ಟಿಲು ಹತ್ತಿದವು. ಮಹಡಿಯಲ್ಲಿ ಎರಡು ವರ್ಷದ ಹಿಂದೆ ನಮ್ಮ ಕಂಪ್ಯೂಟರ್ ಸೆಂಟರ್ ಇತ್ತು. ಈಗ ಟೈಲರ್ ಅಂಗಡಿ. ಬಾಗಿಲಲ್ಲಿ ಮಾತ್ರ ಅದೇ ನೀಲಿ ಬಕೆಟ್ಟು, ಅದರ ತುಂಬ ಒದ್ದೆ ಕೊಡೆಗಳು. ಆ ಕೊಡೆಗಳ ಮುಗ್ಗಲು ವಾಸನೆ ಮೂಗಿಗೆ ಬಿದ್ದದ್ದೇ ತಡ, 2007ರ ಮಳೆಗಾಲ ಪೂರ್ತಿ ನೆನಪಾಯಿತು.

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ನನ್ನ ಡೈರಿಯಲ್ಲಿ ಮನಸ್ಸಿನ ಮಾತು ಕಡಿಮೆ, ಎಣಿಕೆ ಜಾಸ್ತಿ. ಬಸ್ಸು ಎಷ್ಟು ನಿಮಿಷ ತಡ, ಕರೆಂಟು ಎಷ್ಟು ಸಲ ಹೋಯಿತು, ಒಗೆದ ಬಟ್ಟೆ ಒಣಗಲು ಎಷ್ಟು ದಿನ ಹಿಡಿಯಿತು. ಇದು ಡೈರಿಯಲ್ಲ, ಹಾಜರಿ ಪುಸ್ತಕ ಎಂದು ಅಕ್ಕ ನಗುತ್ತಾಳೆ. ನಗಲಿ. ಆ ಮಳೆಗಾಲದ ಒಂದೊಂದು ದಿನವನ್ನೂ ನಾನು ತಾರೀಖು ಹಿಡಿದು ಹೇಳಬಲ್ಲೆ. ನನ್ನ ತಪ್ಪು ಯಾವ ದಿನ ಆಯಿತು ಎನ್ನುವುದನ್ನೂ.

ಆಗ ನನಗೆ ಇಪ್ಪತ್ತೆರಡು. ಸೀತೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಸೆಂಟರ್ ನಡೆಸುತ್ತಿದ್ದ ಮಂಜಣ್ಣನಿಗೆ ಮಳೆಯ ಹುಚ್ಚು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ ಮನೆಯಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟುಕೊಂಡವರನ್ನು ಹುಡುಕಿ ಹುಡುಕಿ ಒಂದು ಬಳಗ ಮಾಡಿದ್ದರು. ಒಟ್ಟು ಇಪ್ಪತ್ಮೂರು ಜನ. ಎಲ್ಲರೂ ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ ತಮ್ಮ ತಮ್ಮ ಪುಸ್ತಕದಲ್ಲಿ ಬರೆಯುವವರೇ. ಆದರೆ ಒಬ್ಬರ ಮಳೆ ಇನ್ನೊಬ್ಬರಿಗೆ ತಿಳಿಯುತ್ತಿದ್ದದ್ದು ಮದುವೆ ಮನೆಗಳಲ್ಲಿ, ಅದೂ ಊಟದ ಪಂಕ್ತಿಯಲ್ಲಿ, ಅಲ್ಲಿಗೆ ಬರುವಷ್ಟರಲ್ಲಿ ಒಂದಿಂಚು ಎರಡಾಗಿರುತ್ತಿತ್ತು. ಎಲ್ಲರ ಮಳೆಯನ್ನೂ ಒಂದೇ ಕಡೆ, ಇಂಟರ್ನೆಟ್ಟಿನಲ್ಲಿ, ಯಾರು ಬೇಕಾದರೂ ನೋಡುವ ಹಾಗೆ ಇಡಬೇಕು ಎಂದು ಮಂಜಣ್ಣ ಮೇ 27ರ ಭಾನುವಾರ ಹೇಳಿದರು. ಟೈಪ್ ಮಾಡುವ ಕೆಲಸ ನನ್ನದು.

ಬರೀ ಪಟ್ಟಿ ಹಾಕಿದರೆ ಯಾರು ನೋಡುತ್ತಾರೆ ಎಂಬುದು ಅವರ ಚಿಂತೆ. ಯಾರೋ ಪುಣ್ಯಾತ್ಮರು ಬರೆದು ನೆಟ್ಟಿನಲ್ಲಿ ಬಿಟ್ಟಿಯಾಗಿ ಇಟ್ಟಿದ್ದ ಒಂದು ಟೇಬಲ್ಲನ್ನು ಅವರು ಇಳಿಸಿಕೊಂಡು ಬಂದರು. ನೋಡಲು ಮಾಮೂಲಿ ಕೋಷ್ಟಕವೇ. ತಾರೀಖು, ಊರು, ತಾಲ್ಲೂಕು, ಮಳೆ ಎಂಬ ನಾಲ್ಕು ಕಾಲಂ. ಆದರೆ ಕಾಲಮ್ಮಿನ ತಲೆಬರಹದ ಮೇಲೆ ಮೌಸ್ ಒತ್ತಿದರೆ ಅಲ್ಲೊಂದು ಪುಟ್ಟ ತ್ರಿಕೋನ ಮೂಡಿ ಸಾಲುಗಳೆಲ್ಲ ಎದ್ದು ಜಾಗ ಬದಲಿಸಿ ಕೂರುತ್ತಿದ್ದವು, ದೊಡ್ಡದು ಮೇಲೆ, ಸಣ್ಣದು ಕೆಳಗೆ. ಇನ್ನೊಮ್ಮೆ ಒತ್ತಿದರೆ ತಲೆಕೆಳಗು. ಮೇಲಿನ ಖಾಲಿ ಚೌಕದಲ್ಲಿ ಊರಿನ ಹೆಸರು ಬರೆದರೆ ಆ ಊರಿನ ಸಾಲುಗಳು ಮಾತ್ರ ಉಳಿದು ಮಿಕ್ಕವು ಮಾಯ. ಮೊದಲ ದಿನ ನಾನು ಆ ತ್ರಿಕೋನವನ್ನು ನಲವತ್ತು ಸಲ ಒತ್ತಿದ್ದೆ. ಡೈರಿಯಲ್ಲಿದೆ.

ಅದು ಸುಲಭಕ್ಕೆ ಪಳಗಲಿಲ್ಲ. ಚೌಕದಲ್ಲಿ ‘ನರಸಿಂಹರಾಜಪುರ’ ಎಂದು ಬರೆದರೆ ಆ ತಾಲ್ಲೂಕಿನ ಏಳು ಜನರಲ್ಲಿ ಇಬ್ಬರಷ್ಟೇ ಬಂದರು. ಉಳಿದ ಐವರನ್ನು ಅವರವರು ಬರೆದುಕೊಟ್ಟ ಹಾಗೆಯೇ ಟೈಪ್ ಮಾಡಿದ್ದೆ. ಒಬ್ಬರು ಎನ್.ಆರ್.ಪುರ, ಇನ್ನೊಬ್ಬರು ಚುಕ್ಕಿಯಿಲ್ಲದ ಎನ್ ಆರ್ ಪುರ, ಮತ್ತೊಬ್ಬರು ನ.ರಾ.ಪುರ. ತೊಂಬತ್ತು ದಾಟಿದ ಅಜ್ಜಯ್ಯನೊಬ್ಬರು ಎಡೇಹಳ್ಳಿ ಎಂದು ಹಳೇ ಹೆಸರನ್ನೇ ಬರೆದಿದ್ದರು. ಒಂದೇ ಊರು ಎಂದು ಟೇಬಲ್ಲಿಗೆ ಹೇಗೆ ಗೊತ್ತಾಗಬೇಕು? ಎಲ್ಲವನ್ನೂ ಒಂದೇ ಮಾಡಿದೆ. ಆಮೇಲೆ ಮಳೆಯ ಕಾಲಂ ಒತ್ತಿದರೆ ಒಂಬತ್ತು ಸೆಂಟಿನ ತುಂತುರು ಎಪ್ಪತ್ತರ ಮೇಲೆ ಹೋಗಿ ಕೂತಿತು. ಟೇಬಲ್ಲು ಅಂಕಿಗಳನ್ನು ಅಕ್ಷರಗಳ ಹಾಗೆ ಓದುತ್ತಿದೆ, ಇದು ಸಂಖ್ಯೆ ಎಂದು ಅದಕ್ಕೆ ಹೇಳಬೇಕು ಅಂದರು ಮಂಜಣ್ಣ. ಇಂಚು ಸೆಂಟು ಬೇರೆಬೇರೆ ಬರೆಯದೆ ನಡುವೆ ಒಂದು ಚುಕ್ಕಿ ಇಟ್ಟು ಒಂದೇ ಸಂಖ್ಯೆಯಾಗಿ ಹಾಕಲು ಹೇಳಿದರು. ನಮ್ಮ ಕಡೆ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನದು, ನೂರು ಸೆಂಟಿಗೆ ಒಂದು ಇಂಚು. ಹಾಗಾಗಿ ಎರಡು ಇಂಚು ಮೂವತ್ತೈದು ಸೆಂಟ್ ಅಂದರೆ 2.35. ಎಲ್ಲ ಸರಿಹೋಯಿತು. ಸರಿಯಾದ ಮೇಲೆ ನಾವಿಬ್ಬರೂ ಅದನ್ನು ಅನುಮಾನಿಸುವುದನ್ನು ಬಿಟ್ಟೆವು.

ಜೂನ್ ಒಂದರಿಂದ ಫೋನು ಶುರು. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಸೆಂಟರಿನ ಫೋನು ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಇಪ್ಪತ್ಮೂರು ದನಿಗಳಲ್ಲಿ ಎರಡನ್ನು ಹೇಳಬೇಕು. ಒಂದು ಮೇಗುಂದದ ಸುಬ್ಬೇಗೌಡರದ್ದು. ಫೋನಿಲ್ಲದಿದ್ದರೂ ಕೊಪ್ಪಕ್ಕೆ ಕೇಳಿಸುವ ದನಿ. ಮಳೆ ಹೇಳುವ ಮೊದಲು ತಿಂಡಿ ಏನು, ಸೀತೂರಿನ ರಸ್ತೆ ಹೇಗಿದೆ, ಮಂಜ ಎದ್ದನಾ ಎಂದು ವಿಚಾರಿಸಿ ಕೊನೆಗೆ ಅಳತೆ ಹೇಳುತ್ತಿದ್ದರು, ಅದೂ ಯಾವಾಗಲೂ ಹತ್ತು, ಇಪ್ಪತ್ತು, ನಲವತ್ತು ಎಂದು ದುಂಡಗೆ. ಇನ್ನೊಂದು ಕಿಗ್ಗದ ಸೀತಾಲಕ್ಷ್ಮಿ ಟೀಚರದ್ದು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ದನಿಯಲ್ಲಿ ಇನ್ನೂ ಬೆತ್ತವಿತ್ತು. ಎಂಟು ನಲವತ್ತಕ್ಕೆ ಸರಿಯಾಗಿ ಫೋನು, ‘ಕಿಗ್ಗ. ಮೂರು ಇಂಚು ಹದಿನೇಳು ಸೆಂಟ್’, ಅಷ್ಟೇ, ಇಟ್ಟುಬಿಡುವುದು. ಒಂದು ಸೆಂಟನ್ನೂ ಅವರು ದುಂಡಗೆ ಮಾಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲವಂತೆ. ಮಗಳ ಧಾರೆಯ ಬೆಳಿಗ್ಗೆ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಅಂಗಳಕ್ಕಿಳಿದು ಅಳೆದವರು ಎಂದು ಮಂಜಣ್ಣ ಹೇಳುತ್ತಿದ್ದರು.

ಜೂನ್ ಮುಗಿಯುವಷ್ಟರಲ್ಲಿ ಟೇಬಲ್ಲಿನ ಹುಚ್ಚು ಹಬ್ಬಿತು. ಪೇಟೆಗೆ ಬಂದವರು ಗೊಬ್ಬರ, ಔಷಧಿ ಕೊಂಡು ನಮ್ಮ ಮಹಡಿ ಹತ್ತುತ್ತಿದ್ದರು. ಕೊಡೆ ಬಕೆಟ್ಟಿಗೆ, ಕೈ ಮೌಸಿಗೆ. ಎಲ್ಲರೂ ಒತ್ತುತ್ತಿದ್ದದ್ದು ಒಂದೇ ಕಾಲಂ. ಒಂದೇ ದಿನದಲ್ಲಿ ಅತಿ ಹೆಚ್ಚು ಮಳೆ ಬಿದ್ದ ಸಾಲು ಮೇಲೆ ಬರುತ್ತಿತ್ತಲ್ಲ, ಅದು ಯಾರದ್ದು ಎಂದು ನೋಡಬೇಕು. ಬರಲಾಗದವರು ಫೋನಿನಲ್ಲಿ ಕೇಳುತ್ತಿದ್ದರು, ‘ಮೇಲಿನ ಸಾಲು ಯಾರದ್ದು?’ ಜೂನ್ ತಿಂಗಳಲ್ಲಿ ಈ ಪ್ರಶ್ನೆ 58 ಸಲ ಬಂದಿದೆ. ಸುಬ್ಬೇಗೌಡರದ್ದೇ 19.

ಜುಲೈ 10, ಮಂಗಳವಾರ. ರಾತ್ರಿಯೆಲ್ಲ ಹೊಡೆದ ಮಳೆ ಬೆಳಿಗ್ಗೆಯೂ ಬಿಟ್ಟಿರಲಿಲ್ಲ. ನನ್ನ ಬಸ್ಸು ಐವತ್ತು ನಿಮಿಷ ತಡ. ಮೆಟ್ಟಿಲು ಹತ್ತುವಾಗಲೇ ಫೋನು ಬಡಿದುಕೊಳ್ಳುತ್ತಿತ್ತು. ಟೀಚರ್ ಎರಡನೇ ಸಲ ಮಾಡುತ್ತಿದ್ದರು. ‘ಕಿಗ್ಗ. ಐದು ಇಂಚು ಎಂಟು ಸೆಂಟ್.’ ಐದು, ಚುಕ್ಕಿ, ಎಂಟು. ಟೈಪ್ ಮಾಡಿದೆ. ಹಿಂದೆಯೇ ಸುಬ್ಬೇಗೌಡರು. ಆ ದಿನ ತಿಂಡಿ ಕೇಳಲಿಲ್ಲ. ಐದು ಇಂಚು ನಲವತ್ತು ಸೆಂಟ್, ಮೇಗುಂದದಲ್ಲಿ ಈ ವರ್ಷ ಇಷ್ಟು ಬಂದೇ ಇಲ್ಲ, ಮೇಲಿನ ಸಾಲು ನಮ್ಮದೇ ಬಿಡು ಅಂದರು. ಐದು, ಚುಕ್ಕಿ, ನಲವತ್ತು. ಆಮೇಲೆ ಕಾಲಂ ಒತ್ತಿದೆ. ಮೇಲೆ ಬಂದದ್ದು ಕಿಗ್ಗ.

ಮರುದಿನ ಸುಬ್ಬೇಗೌಡರು ಖುದ್ದಾಗಿ ಬಂದರು. ಪರದೆಯ ಮೇಲೆ ಮೂಗು ತಾಗುವಷ್ಟು ಬಗ್ಗಿ ತಮ್ಮ ಸಾಲನ್ನು ನೋಡಿದರು. ಅಲ್ಲಿ 5.4 ಎಂದಿತ್ತು.

“ನಲವತ್ತು ಕೊಟ್ಟಿದ್ದೆ, ನಾಲ್ಕಾಗಿದೆ. ಮೂವತ್ತಾರು ಸೆಂಟ್ ಎಲ್ಲಿ ಸೋರಿತು ಮಾರಾಯ್ತಿ?”

ಸೋರಿಲ್ಲ, 5.4 ಅಂದರೂ ನಲವತ್ತೇ, ಕಂಪ್ಯೂಟರ್ ಕೊನೆಯ ಸೊನ್ನೆಯನ್ನು ಬರೆಯುವುದಿಲ್ಲ ಎಂದು ವಿವರಿಸಿದೆ. ದಿನಾ ಮಕ್ಕಳಿಗೆ ಪಾಠ ಹೇಳುವ ಗತ್ತು ಇತ್ತಲ್ಲ, ಸ್ವಲ್ಪ ಜೋರಾಗಿಯೇ ವಿವರಿಸಿದೆ. ಅವರು ತಮ್ಮ ಮೇಲಿನ ಸಾಲಿಗೆ ಬೆರಳು ತೋರಿಸಿದರು.

“ಹಂಗಾದ್ರೆ ಕಿಗ್ಗದ್ದು ಎಂಬತ್ತಾ?”

“ಹೌದು ಗೌಡ್ರೆ. ಎಂಬತ್ತು.”

ಹಿಂದಿನ ದಿನ ಎಂಟು ಎಂದು ಕೇಳಿದ ಕಿವಿ ನನ್ನದೇ. ಎಂಬತ್ತು ಎಂದ ಬಾಯಿಯೂ ನನ್ನದೇ. ನಡುವೆ ಒಂದು ದಿನವಿತ್ತು, ಎದುರಿಗೆ ಪರದೆಯಿತ್ತು. ಪರದೆ ಹೇಳಿದ್ದನ್ನೇ ನಾನು ಹೇಳಿದೆ.

ಸುಬ್ಬೇಗೌಡರ ಭಾವ ಕಿಗ್ಗದವರು. ಅವರ ಮನೆಯಲ್ಲೂ ಒಂದು ಅಳತೆ ಡಬ್ಬಿಯಿತ್ತು, ನಮ್ಮ ಬಳಗದಲ್ಲಿ ಇರಲಿಲ್ಲ ಅಷ್ಟೇ. ಅವರಿಗೆ ಆ ದಿನ ಬಂದದ್ದು ಐದು ಇಂಚು ಹತ್ತು ಸೆಂಟ್. ಎರಡು ಮನೆಗೆ ಒಂದು ಕೂಗಳತೆ ದೂರ, ಮಳೆಯಲ್ಲಿ ಎಪ್ಪತ್ತು ಸೆಂಟ್ ವ್ಯತ್ಯಾಸ. ಸುಬ್ಬೇಗೌಡರಿಗೆ ಅಷ್ಟು ಸಾಕಾಯಿತು. ಟೀಚರ್ ಮನೆಯಲ್ಲಿ ಮೋಡದಿಂದ ಬೀಳುವುದು ಐದು ಇಂಚು, ಮಿಕ್ಕಿದ್ದು ಚೊಂಬಿನಿಂದ ಎಂದು ಸೊಸೈಟಿಯ ಜಗಲಿಯಲ್ಲಿ ಕೂತು ಹೇಳಿದರಂತೆ. ಮಾತು ತಮಾಷೆಯದ್ದು, ಹೇಳುವವರಿಗೂ ಕೇಳುವವರಿಗೂ ಖುಷಿ. ವಾರದೊಳಗೆ ‘ಚೊಂಬಿನ ಮಳೆ’ ಮೂರು ತಾಲ್ಲೂಕಿಗೂ ಹರಡಿತು. ಯಾರದ್ದೋ ಅಳತೆ ಸ್ವಲ್ಪ ಹೆಚ್ಚು ಬಂದರೆ ‘ಕಿಗ್ಗದ ಚೊಂಬಾ?’ ಎಂದು ಫೋನಿನಲ್ಲೇ ಕೇಳುವವರಿದ್ದರು. ಜುಲೈ ಕೊನೆಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಸುಳ್ಳು ಅಳತೆ ಸೇರಿದರೆ ಇಡೀ ಪಟ್ಟಿಯೇ ಸುಳ್ಳಾಗುತ್ತದೆ, ಕಿಗ್ಗದ ಸಾಲುಗಳನ್ನು ತೆಗೆಯಬೇಕು ಎಂದು ನಾಲ್ಕು ಜನ ಪಟ್ಟು ಹಿಡಿದರು. ಆಗಸ್ಟ್ 5, ಭಾನುವಾರ ಸಭೆ ಎಂದಾಯಿತು. ಮಂಜಣ್ಣ ನನ್ನನ್ನು ಕೇಳಿದರು, ಟೈಪಿಂಗಿನಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿರಬಹುದಾ ಎಂದು. ನನಗೆ ಸಿಟ್ಟೇ ಬಂತು. ನಾನು ಮೂರು ಸಲ ಕೂಡಿ ನೋಡಿದ್ದೆ, ಮೂರೂ ಸಲ ಮೊತ್ತ ಒಂದೇ ಬಂದಿತ್ತು. ತಪ್ಪು ಅಂಕಿಗಳನ್ನು ಎಷ್ಟು ಸಲ ಕೂಡಿದರೂ ಮೊತ್ತ ಒಂದೇ ಬರುತ್ತದೆ ಎಂದು ಆಗ ಹೊಳೆಯಲಿಲ್ಲ.

ಇಷ್ಟಾದರೂ ಎಂಟು ನಲವತ್ತರ ಫೋನು ಒಂದು ದಿನವೂ ತಪ್ಪಿರಲಿಲ್ಲ. ಟೀಚರಿಗೆ ಯಾರೂ ಏನೂ ಹೇಳಿಲ್ಲ ಎಂದೇ ನಾನು ತಿಳಿದಿದ್ದೆ.

ಆಗಸ್ಟ್ 4, ಶನಿವಾರ, ಹನ್ನೊಂದು ಗಂಟೆ. ಬೆಳ್ಳಗಿನ ಕೂದಲಿನ, ಸಣ್ಣ ಆಕೃತಿಯ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಕೊಡೆಯನ್ನು ನೀರು ಸೋರುವ ಹಾಗೆ ತಲೆಕೆಳಗಾಗಿ ಬಕೆಟ್ಟಿಗೆ ಇಳಿಸಿದರು. ಪ್ಲಾಸ್ಟಿಕ್ ಚೀಲದೊಳಗಿನ ಇನ್ನೊಂದು ಪ್ಲಾಸ್ಟಿಕ್ ಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದರು. ಬಾಯಿ ತೆರೆದ ಮೇಲೇ ಗೊತ್ತಾದದ್ದು ಯಾರೆಂದು.

“ಫೋನ್ ಎತ್ತೋ ಸೀತೂರಿನ ಕೂಸು ನೀನಾ? ದನಿ ಕೇಳಿ ಇನ್ನೂ ದೊಡ್ಡವಳು ಅಂದ್ಕಂಡಿದ್ದೆ.”

ಚೊಂಬಿನ ಕತೆ ಅವರಿಗೆ ಹದಿನೈದು ದಿನದ ಹಿಂದೆಯೇ ತಲುಪಿತ್ತಂತೆ, ಹಾಲು ತರುವವಳಿಂದ. ಅದನ್ನೇನೂ ಎತ್ತಲಿಲ್ಲ. ನಿಮ್ಮ ಟೇಬಲ್ಲು ತೋರಿಸು ಅಂದರು. ತೋರಿಸಿದೆ. ಮೌಸು ಹಿಡಿಯುವುದನ್ನು ಎರಡು ನಿಮಿಷದಲ್ಲಿ ಕಲಿತರು. ಮಳೆಯ ಕಾಲಮ್ಮನ್ನು ಒತ್ತಿದರು, ಮತ್ತೆ ಒತ್ತಿದರು, ಆರೇಳು ಸಲ ಒತ್ತಿದರು. ನಮ್ಮ ಶಾಲೆಯಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಲು ಅರ್ಧ ಪೀರಿಯಡ್ ಹೋಗುತ್ತಿತ್ತು, ಇದಕ್ಕೆ ಗದರುವುದೂ ಬೇಡ ಎಂದು ಮೆಚ್ಚಿದರು. ಆಮೇಲೆ ಮೇಲಿನ ಸಾಲಿನ ಹತ್ತಿರ ನಿಂತರು.

“ಇದೆಂತ?”

ಜುಲೈ ಹತ್ತರದ್ದು, ಐದು ಇಂಚು ಎಂಬತ್ತು ಸೆಂಟ್ ಎಂದೆ.

“ನಾನು ಎಂಬತ್ತು ಅಂದಿದ್ನಾ?”

ಅವರು ನೋಟ್‌ಬುಕ್ ಬಿಡಿಸಿದರು. ಅದರಲ್ಲಿ ಇಂಚಿಗೊಂದು ಗೆರೆ, ಸೆಂಟಿಗೊಂದು ಗೆರೆ, ಚುಕ್ಕಿಯೇ ಇಲ್ಲ. ಜುಲೈ 10ರ ಎದುರು ಇಂಚಿನ ಮನೆಯಲ್ಲಿ 5, ಸೆಂಟಿನ ಮನೆಯಲ್ಲಿ 08. ಆ ಸೊನ್ನೆಯನ್ನು ನೋಡುತ್ತಿದ್ದಂತೆ ನನ್ನ ಕಿವಿ ಬಿಸಿಯಾಯಿತು. ಆದರೂ ಅವರು ಬಿಡಲಿಲ್ಲ. ಒಂದು ಹಾಳೆ ತೆಗೆದುಕೊಂಡು ಐದು ಬರೆದರು, ಚುಕ್ಕಿ ಇಟ್ಟರು, ಚುಕ್ಕಿಯ ಬಲಕ್ಕೆ ಎರಡು ಚೌಕ ಹಾಕಿದರು.

“ಚುಕ್ಕಿ ದಾಟಿದ ಮೇಲೆ ಮೊದಲನೇದು ಹತ್ತರಲ್ಲೊಂದರ ಮನೆ, ಆಚೇದು ನೂರರಲ್ಲೊಂದರ ಮನೆ. ಎಂಟು ಯಾರ ಮನೆಗೆ ಹೋಗ್ಬೇಕಿತ್ತು, ಯಾರ ಮನೇಲಿ ಕೂತಿದೆ ನೋಡು.”

ಐದನೇ ಕ್ಲಾಸಿನ ಲೆಕ್ಕ. ಎಂಟು ಸೆಂಟ್ ಅಂದರೆ .08. ನಾನು .8 ಬರೆದಿದ್ದೆ. ತಪ್ಪಾಯಿತು ಟೀಚರ್, ಈಗಲೇ ತಿದ್ದುತ್ತೇನೆ, ಆದರೆ ತಿದ್ದಿದರೆ ನೀವು ಮೇಲಿನ ಸಾಲಿನಿಂದ ಇಳಿಯುತ್ತೀರಿ ಎಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ, ಇಡೀ ತಿಂಗಳು ಅದೊಂದೇ ಮಾತು ಕೇಳಿ ಕೇಳಿ ಇರಬೇಕು.

“ಮೇಲಿನ ಸಾಲು ಬೇಡ ಕೂಸೆ. ನನ್ನ ಮಳೆ ನನಗೆ ಕೊಡು, ಸಾಕು.”

ಎದ್ದು ಹೊರಟರು. ಬಕೆಟ್ಟಿನಿಂದ ಕೊಡೆ ಎತ್ತಿಕೊಳ್ಳುತ್ತ, ನಾಳೆಯ ಸಭೆಯಲ್ಲಿ ನೀನೇ ಹೇಳುತ್ತೀಯೋ ಅಥವಾ ನಾನು ಬರಬೇಕೋ ಎಂದು ಕೇಳಿದರು. ನಾನೇ ಹೇಳುತ್ತೇನೆ ಎಂದೆ.

ಆ ಮಧ್ಯಾಹ್ನ ಊಟ ಬಿಟ್ಟು ಮೊದಲಿನಿಂದ ನೋಡಿದೆ. ಜೂನ್ ಒಂದರಿಂದ ಹಾಕಿದ್ದು 1,412 ಸಾಲು. ಸೆಂಟು ಒಂದೇ ಅಂಕಿಯಲ್ಲಿದ್ದು ನಾನು ತಪ್ಪು ಮನೆಗೆ ಕಳಿಸಿದ್ದು 31. ಅದರಲ್ಲಿ ಟೀಚರದ್ದು 9, ಒಬ್ಬೊಬ್ಬರ ಪೈಕಿ ಅದೇ ಹೆಚ್ಚು. ದುಂಡಗೆ ಅಳೆದು ಹೇಳುವ ಸುಬ್ಬೇಗೌಡರದ್ದು ಒಂದೂ ಇಲ್ಲ. ಒಂದೊಂದು ಸೆಂಟನ್ನೂ ಬಿಡದೆ ನೋಡಿದವರ ಮಳೆಯೇ ನನ್ನ ಕೈಯಲ್ಲಿ ಹೆಚ್ಚು ಕೆಟ್ಟಿತ್ತು. 31ನ್ನೂ ತಿದ್ದಿದೆ. ಕೊನೆಯ ಸೊನ್ನೆಯನ್ನು ನುಂಗದ ಹಾಗೆ ಮಂಜಣ್ಣ ಟೇಬಲ್ಲನ್ನು ಸರಿಮಾಡಿದರು. ಮತ್ತೆ ಕಾಲಂ ಒತ್ತಿದೆ. ಮೇಲೆ ಮೇಗುಂದ, 5.40. ಕಿಗ್ಗ, 5.08, ಮೂರನೇ ಸಾಲಿನಲ್ಲಿ.

ಸಭೆಗೆ ಹದಿನೇಳು ಜನ ಬಂದರು. ಕೊಡೆಗಳಿಗೆ ಬಕೆಟ್ ಸಾಲದೆ ಮೂಲೆಯಲ್ಲಿ ಒರಗಿಸಿದ್ದರು. ಮಂಜಣ್ಣ ಪೀಠಿಕೆ ಹಾಕುವ ಮೊದಲೇ ನಾನು ಎದ್ದು ಬೋರ್ಡಿನ ಹತ್ತಿರ ಹೋದೆ, ಇಲ್ಲದಿದ್ದರೆ ಧೈರ್ಯ ಉಳಿಯುತ್ತಿರಲಿಲ್ಲ. ಐದು ಬರೆದೆ, ಚುಕ್ಕಿ ಇಟ್ಟೆ, ಎರಡು ಚೌಕ ಹಾಕಿದೆ. ಟೀಚರ್ ಎಂಟು ಎಂದರು, ನಾನು ಎಂಬತ್ತು ಮಾಡಿದೆ, ಚೊಂಬಿನಲ್ಲಿ ನೀರು ಹೊಯ್ದವಳು ನಾನು ಎಂದೆ. ಕೊನೆಯ ಮಾತನ್ನು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ.

ಎಲ್ಲರೂ ಸುಬ್ಬೇಗೌಡರನ್ನು ನೋಡಿದರು. ಅವರು ಬೋರ್ಡನ್ನೇ ನೋಡುತ್ತಿದ್ದರು.

“ಹಂಗಾದ್ರೆ ಮೇಲಿನ ಸಾಲು ನಮ್ದಾ?”

ಹೌದು ಎಂದೆ. ಯಾರೋ ಕಿಸಕ್ಕೆಂದರು. ಗೌಡರು ನಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡರು.

“ತಿಂಗಳಿಂದ ಇದಕ್ಕೇ ಬಡ್ಕಂಡೆ. ಸಿಕ್ಕಿದ ದಿನ ನಾನೇ ಚೊಂಬಾದ್ನಲ್ಲ ಮಾರಾಯ್ತಿ.”

ಆಗ ಇಡೀ ಕೋಣೆ ನಕ್ಕಿತು, ಅವರೂ ಸೇರಿ. ಕಿಗ್ಗದ ಸಾಲು ತೆಗೆಯುವ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ನಗುವಿಗೆ ಮುಗಿಯುವ ಸಂಗತಿ ಅಲ್ಲವೆಂದು ಗೌಡರಿಗೂ ಗೊತ್ತಿತ್ತು. ಮುಂದಿನ ಭಾನುವಾರ, 12ಕ್ಕೆ, ಬೆಳಿಗ್ಗೆಯ ಬಸ್ಸಿಗೇ ಕಿಗ್ಗಕ್ಕೆ ಹೊರಟರು. ಒಬ್ಬರೇ ಹೋಗಲು ಅಳುಕಾಗಿ ನನ್ನನ್ನೂ ಮಂಜಣ್ಣನನ್ನೂ ಕರೆದುಕೊಂಡರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮೂರು ಥರ ಮಾಡಿ ಒಪ್ಪಿಸಿದರು. ಅಲ್ಲಿ ಮೆಟ್ಟಿಲ ಹತ್ತಿರ ನಿಂತಾಗ ಮೂರೂ ಮರೆತುಹೋಗಿ, ತಪ್ಪಾಯ್ತು ಟೀಚರ್ ಎಂದಷ್ಟೇ ಅಂದರು. ಟೀಚರ್ ಒಳಗೆ ಕರೆದು ಕೂರಿಸಿದರು. ಕಾಫಿ ಲೋಟ ಹಿಡಿದು, “ಎಷ್ಟು ಸೆಂಟ್ ಹಾಕ್ಲಿ ಗೌಡ್ರೆ?” ಅಂದರು.

ಎಂಟೂವರೆಯಾಗಿತ್ತು. ಇವತ್ತಿನದ್ದು ನೀವೇ ಅಳೆಯಿರಿ ಎಂದು ಟೀಚರ್ ಗಾಜಿನ ಅಳತೆಯನ್ನು ಗೌಡರ ಕೈಗೆ ಕೊಟ್ಟರು. ಅವರು ಡಬ್ಬಿಯ ನೀರನ್ನು ಒಂದು ಹನಿ ಚೆಲ್ಲದೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಇಂಚು ಆರು ಸೆಂಟ್ ಎಂದರು. ದುಂಡಗೆ ಮಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಇಂಚಿನ ಮನೆಯಲ್ಲಿ 1, ಸೆಂಟಿನ ಮನೆಯಲ್ಲಿ 6 ಬರೆದು ಕೊಟ್ಟರು. ಟೀಚರ್ ನೋಡಿ, ಪುಸ್ತಕವನ್ನು ಅವರ ಕೈಗೇ ವಾಪಸ್ಸು ಕೊಟ್ಟರು. ಗೌಡರು ಒಂದು ಗಳಿಗೆ ಪುಸ್ತಕ ನೋಡಿದರು, ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಆರರ ಎಡಕ್ಕೆ ಸೊನ್ನೆ ಹಾಕಿದರು.

ಅಲ್ಲಿಂದ ಮುಂದೆ ಫೋನಿನಲ್ಲಿ ಎಲ್ಲರ ಮಾತೂ ಬದಲಾಯಿತು. ‘ಎರಡು ಇಂಚು ಸೊನ್ನೆ ನಾಲ್ಕು’, ‘ಸೊನ್ನೆ ಇಂಚು ಸೊನ್ನೆ ಐದು’. ಹಾಗೆ ಹೇಳಿ ಎಂದು ನಾನು ಕೇಳಿದವಳಲ್ಲ. ನಾನು ಮತ್ತೆ ತಪ್ಪಬಾರದೆಂದು ಅವರೇ ಕಟ್ಟಿಕೊಂಡ ರೂಢಿ. ಸೆಪ್ಟೆಂಬರ್ 30ಕ್ಕೆ ಮಳೆಗಾಲದ ಪಟ್ಟಿ ಮುಗಿದಾಗ ಆಮೇಲಿನ ತಪ್ಪು ಸೊನ್ನೆ. ಮೇಲಿನ ಸಾಲಿನಲ್ಲಿ ಮೇಗುಂದವೇ ಉಳಿಯಿತು. ಗೌಡರು ಅದನ್ನು ಪ್ರಿಂಟ್ ತೆಗೆಸಿಕೊಂಡು ಹೋದರು.

ಮರುವರ್ಷ ಸೆಂಟರ್ ಮುಚ್ಚಿತು. ನಾನು ಶೃಂಗೇರಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸಲು ಸೇರಿದೆ. ನೆಟ್ಟಿನ ಆ ಪುಟ ಈಗ ತೆರೆಯುವುದಿಲ್ಲ. ನಮ್ಮ ಟೇಬಲ್ಲು ಯಾರಿಗೂ ನೆನಪಿರಲಿಕ್ಕಿಲ್ಲ ಎಂದೇ ಕಳೆದ ಶನಿವಾರ ಆ ಮೆಟ್ಟಿಲು ಇಳಿಯುವಾಗ ಅಂದುಕೊಂಡೆ.

ಕನ್ನಡಕ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಗಂಡಸರು ಮಾತಾಡುತ್ತಿದ್ದರು. ಒಬ್ಬರು ಈ ಕಡೆಯವರು, ಇನ್ನೊಬ್ಬರು ಘಟ್ಟದ ಕೆಳಗಿನವರಿರಬೇಕು. ಇಬ್ಬರೂ ನನಗೆ ಗುರುತಿಲ್ಲ. ನಿನ್ನೆ ಮಳೆ ಹೇಗೆ ಎಂದು ಕೆಳಗಿನವರು ಕೇಳಿದರು.

“ನಮ್ಮಲ್ಲಿ ಎರಡು ಇಂಚು ಸೊನ್ನೆ ಆರು.”

“ಸೊನ್ನೆ ಎಂತಕ್ಕೆ?”

“ಯಾರಿಗೆ ಗೊತ್ತು ಮಾರಾಯ. ಈ ಕಡೆ ಹಂಗೇ ಹೇಳೋದು.”

ಆ ದಿನದ ಡೈರಿ: ಕನ್ನಡಕ ಸರಿಯಾಯಿತು. ಕರೆಂಟು ಎರಡು ಸಲ ಹೋಯಿತು. ಬಸ್ಸು 07 ನಿಮಿಷ ತಡ.